ಕ್ಯಾಮೆರಾ ಟ್ರ್ಯಾಪ್‌ ಮೂಲಕ ವನ್ಯಜೀವಿ ಸಂಖ್ಯೆಯ ಅಂದಾಜು

ಕ್ಯಾಮೆರಾ ಟ್ರ್ಯಾಪ್‌ ಎಂದರೆ ಎದುರಿಗೆ ಹಾದುಹೋಗುವ ಪ್ರಾಣಿಯ ಮೈಶಾಖ ಮತ್ತು ಚಲನೆಯನ್ನು ಗ್ರಹಿಸಿ ತಾನಾಗಿಯೇ ಚಿತ್ರ ತೆಗೆಯುವ ಉಪಕರಣ. ಕಾಡಿನಲ್ಲಿ ಇವುಗಳನ್ನು ಕ್ರಮಬದ್ಧವಾಗಿ ಅಳವಡಿಸಿ, ಸಿಕ್ಕ ಚಿತ್ರಗಳಿಂದ ಪ್ರಾಣಿಗಳ ಸಂಖ್ಯೆ ಮತ್ತು ಸಾಂದ್ರತೆಯನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಅಂದಾಜಿಸುತ್ತಾರೆ. ಹುಲಿ, ಚಿರತೆಗಳಂತೆ ಮೈಮೇಲಿನ ಪಟ್ಟೆ ಅಥವಾ ಚುಕ್ಕೆಗಳಿಂದ ಒಂದೊಂದನ್ನೂ ಬೇರೆಯಾಗಿ ಗುರುತಿಸಬಹುದಾದ ಪ್ರಾಣಿಗಳಿಗೆ ಈ ವಿಧಾನ ಹೆಚ್ಚು ಹೊಂದುತ್ತದೆ.

ಇತಿಹಾಸ

1920ರ ದಶಕದಲ್ಲೇ ಅರಣ್ಯಾಧಿಕಾರಿ ಎಫ್‌. ಡಬ್ಲ್ಯು. ಚಾಂಪಿಯನ್‌ ಉತ್ತರ ಭಾರತದ ಕಾಡುಗಳಲ್ಲಿ ತಂತಿ ಕಟ್ಟಿ, ಹುಲಿಗಳೇ ಅದನ್ನು ತುಳಿದು ತಮ್ಮ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ್ದರು. ಆದರೆ ದೇಶದ ಹುಲಿ ಗಣತಿ ದಶಕಗಳ ಕಾಲ ಹೆಜ್ಜೆ ಗುರುತುಗಳನ್ನೇ ನೆಚ್ಚಿಕೊಂಡಿತ್ತು. 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತ ಅವರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್‌ ಚಿತ್ರಗಳನ್ನು ‘ಸೆರೆ–ಮರುಸೆರೆ’ ಲೆಕ್ಕಾಚಾರಕ್ಕೆ ಅಳವಡಿಸಿ, 1995ರಲ್ಲಿ ಫಲಿತಾಂಶ ಪ್ರಕಟಿಸಿದರು. 1998ರಲ್ಲಿ ಅವರೂ ಅಮೆರಿಕದ ಜೇಮ್ಸ್‌ ನಿಕೋಲ್ಸ್‌ ಅವರೂ ನಾಗರಹೊಳೆ, ಕಾನ್ಹಾ, ಪೆಂಚ್‌ ಮತ್ತು ಕಾಜಿರಂಗಾಗಳ ಹುಲಿ ಸಾಂದ್ರತೆಯನ್ನು ಪ್ರಕಟಿಸಿದರು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲವೆಂಬುದು 2005ರಲ್ಲಿ ಬಯಲಾದಾಗ ಹೆಜ್ಜೆ ಗಣತಿಯ ಮೇಲಿನ ನಂಬಿಕೆ ಕುಸಿಯಿತು. 2006ರ ರಾಷ್ಟ್ರೀಯ ಅಂದಾಜಿನಿಂದ ಕ್ಯಾಮೆರಾ ಟ್ರ್ಯಾಪ್‌ಗಳ ಬಳಕೆ ಶುರುವಾಯಿತು.

ವಿಧಾನ

ಹುಲಿಗಳು ಓಡಾಡುವ ಕಾಡುದಾರಿಗಳ ಎರಡೂ ಬದಿಯಲ್ಲಿ, ಹೆಚ್ಚುಕಡಿಮೆ ಮೊಣಕಾಲೆತ್ತರದಲ್ಲಿ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಒಂದೇ ಹುಲಿಯ ಎಡ ಮತ್ತು ಬಲ ಮಗ್ಗುಲಿನ ಪಟ್ಟೆಗಳು ಬೇರೆಬೇರೆ ಆಗಿರುವುದರಿಂದ ಜೋಡಿ ಕ್ಯಾಮೆರಾ ಬೇಕಾಗುತ್ತದೆ. ಹುಟ್ಟು, ಸಾವು, ವಲಸೆಗಳಿಂದ ಸಂಖ್ಯೆ ಹೆಚ್ಚು ಬದಲಾಗದಂತೆ ಸಮೀಕ್ಷೆಯನ್ನು ಕೆಲವೇ ವಾರಗಳಲ್ಲಿ ಮುಗಿಸುತ್ತಾರೆ.

ಚಿತ್ರಕ್ಕೆ ಸಿಕ್ಕ ಹುಲಿಗಳನ್ನಷ್ಟೇ ಎಣಿಸಿದರೆ ಕಾಡಿನ ನಿಜ ಸಂಖ್ಯೆ ದಕ್ಕದು. ಸಿಗದೆ ಉಳಿದವೆಷ್ಟು ಎಂಬುದೇ ಮುಖ್ಯ ಪ್ರಶ್ನೆ. ಮೊದಲ ಸುತ್ತಿನಲ್ಲಿ 20 ಹುಲಿ, ಎರಡನೆಯದರಲ್ಲಿ 24 ಹುಲಿ ಸಿಕ್ಕಿ, ಆ 24ರಲ್ಲಿ 12 ಮೊದಲೇ ಕಂಡವು ಎಂದಿಟ್ಟುಕೊಳ್ಳೋಣ. ಅಂದರೆ ಎರಡನೆಯ ಸುತ್ತಿನ ಅರ್ಧದಷ್ಟು ಹುಲಿಗಳು ಹಳೆಯವು. ಹಾಗಾಗಿ ಮೊದಲ ಸುತ್ತಿನ 20 ಹುಲಿಗಳು ಒಟ್ಟು ಸಂಖ್ಯೆಯ ಸುಮಾರು ಅರ್ಧ, ಒಟ್ಟು ಅಂದಾಜು 40. ಇದೇ ‘ಸೆರೆ–ಮರುಸೆರೆ’ ಲೆಕ್ಕಾಚಾರದ ತಿರುಳು. ವಾಸ್ತವದ ಸಮೀಕ್ಷೆಗಳಲ್ಲಿ ಸುತ್ತುಗಳು ಹಲವು. ಯಾವ ಹುಲಿ ಎಲ್ಲೆಲ್ಲಿ ಸಿಕ್ಕಿತೆಂಬುದನ್ನೂ ಸೇರಿಸಿಕೊಳ್ಳುವ ಈಚಿನ ಮಾದರಿಗಳು ಸಾಂದ್ರತೆಯನ್ನು ನೇರವಾಗಿ ಅಂದಾಜಿಸುತ್ತವೆ.

ಮಿತಿಗಳು

ಕಾಡುಕುರಿ, ಕಡವೆಗಳಂಥ ಪ್ರಾಣಿಗಳನ್ನು ಚಿತ್ರದಲ್ಲಿ ಒಂದೊಂದಾಗಿ ಗುರುತಿಸುವುದು ಕಷ್ಟ. ಇವುಗಳಿಗೆ ಚಲನೆಯ ವೇಗ ಮತ್ತು ಕ್ಯಾಮೆರಾದ ನೋಟದ ವ್ಯಾಪ್ತಿಯನ್ನು ಆಧರಿಸಿದ, 2008ರಲ್ಲಿ ಪ್ರಕಟವಾದ ಬೇರೊಂದು ಮಾದರಿಯಿದೆ. ಚಿತ್ರಗಳ ಸಂಖ್ಯೆಯೊಂದನ್ನೇ ಪ್ರಾಣಿಗಳ ಸಂಖ್ಯೆಗೆ ಅಳತೆಯಾಗಿಸುವುದು ತಪ್ಪು: ಕ್ಯಾಮೆರಾ ಇಟ್ಟ ಜಾಗ ಮತ್ತು ಪ್ರಾಣಿಯ ಓಡಾಟ ಬದಲಾದರೆ ಚಿತ್ರಗಳ ಸಂಖ್ಯೆಯೂ ಬದಲಾಗುತ್ತದೆ.

ಭಾರತದಲ್ಲಿ

2022ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 32,588 ಕಡೆ ಕ್ಯಾಮೆರಾಗಳನ್ನು ಇರಿಸಲಾಗಿತ್ತು. ಚಿತ್ರಗಳಲ್ಲಿ 3,080 ಹುಲಿಗಳನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು. ಕ್ಯಾಮೆರಾ ಇರದ ಕಾಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ದೇಶದ ಹುಲಿಗಳ ಸರಾಸರಿ ಅಂದಾಜನ್ನು 3,682 ಎಂದೂ ಗರಿಷ್ಠ ಮಿತಿಯನ್ನು 3,925 ಎಂದೂ ಘೋಷಿಸಲಾಯಿತು. ಕರ್ನಾಟಕದ ಪಾಲು 563. ಮಧ್ಯಪ್ರದೇಶದ ನಂತರ ಇದು ಎರಡನೆಯ ಸ್ಥಾನ.