ಸುಂಕೇನಹಳ್ಳಿಯಿಂದ ಚನ್ನರಾಯಪಟ್ಟಣದವರೆಗೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳ ರೈತರು ತಮ್ಮ ಮೊದಲ ಬೆಳೆಯನ್ನು ಬಸವನಿಗೆ ಒಪ್ಪಿಸುತ್ತಿದ್ದರೆಂದು ಐತಿಹ್ಯ. ಇಂದೂ ಬಸವನಿದ್ದಾನೆ, ಪರಿಷೆಯಿದೆ. ಆ ಹೊಲಗಳು ಮಾತ್ರ ಇಲ್ಲ. ಕಾಯಿ ದೂರದ ಊರುಗಳಿಂದ ಬರುತ್ತದೆ. ಒಂದು ಸೇರು ಕಾಯಿ ಕೊಂಡು ಮನೆಗೆ ಹಿಂದಿರುಗುವಾಗಲೆಲ್ಲ, ನಾನು ನಡೆಯುತ್ತಿರುವ ಈ ಬೀದಿ ಯಾರ ಹೊಲವಾಗಿದ್ದೀತು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಬಡಾವಣೆಗಳು ಬೇಡವಾಗಿದ್ದವು ಎಂದು ನಾನು ಹೇಳಲಾರೆ. 1898ರಲ್ಲಿ ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಪ್ಲೇಗು ಹಬ್ಬಿದಾಗ, ಗಾಳಿ ಬೆಳಕುಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಜೀವ ಉಳಿಸಿಕೊಳ್ಳುವ ದಾರಿಯಾಗಿ ಕಂಡವು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಬಂದವು. ಜಯನಗರದಂಥ ಬಡಾವಣೆಗಳಲ್ಲಿ ಸಾವಿರಾರು ಸಂಸಾರಗಳಿಗೆ ನೆಲೆ ದೊರೆಯಿತು. ಆದರೆ ನೆಲ ಕೊಟ್ಟವರ ಕಥೆಯನ್ನು ಬರೆದವರು ವಿರಳ. 1894ರ ಭೂಸ್ವಾಧೀನ ಕಾಯಿದೆಯಡಿ ಸಾರ್ವಜನಿಕ ಉದ್ದೇಶ ಯಾವುದೆಂದು ನಿರ್ಧರಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇದ್ದಿತು. 2013ರ ಹೊಸ ಕಾಯಿದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ತಂದಿತು. ಖಾಸಗಿ ಕಂಪನಿಗಳಿಗಾಗಿ ಭೂಮಿ ಪಡೆಯುವಾಗ ನೂರಕ್ಕೆ 80ರಷ್ಟು ಮಂದಿಯ ಒಪ್ಪಿಗೆ ಬೇಕೆಂದಿತು. ಆದರೆ ಕೈಗಾರಿಕಾ ಪ್ರದೇಶಗಳಿಗಾಗಿ ಕರ್ನಾಟಕದಲ್ಲಿ 1966ರ ಪ್ರತ್ಯೇಕ ಕಾಯಿದೆಯೊಂದಿದೆ. ಅದರಲ್ಲಿ ಆಕ್ಷೇಪಣೆಗಳನ್ನು ಕೇಳಬೇಕು. ಕೇಳಿದ ಮೇಲೆ ಒಪ್ಪಲೇಬೇಕೆಂದಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ದೇವನಹಳ್ಳಿ ತಾಲ್ಲೂಕಿನಲ್ಲಿ ತಿಳಿಯಿತು. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಅಲ್ಲಿಯ ನೆಲಕ್ಕೆ ಬೆಲೆ ಏರಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಉದ್ಯಮದ ವಲಯಕ್ಕೆ ಪಡೆಯಲು ಸರ್ಕಾರ ಹೊರಟಿತು. 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆಂದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಪೂರ್ತಿಯಾಗಿ ಕೈಬಿಟ್ಟಿರುವುದಾಗಿ ಸಾರಿದರು. ಸ್ವಇಚ್ಛೆಯಿಂದ ಕೊಡುವವರು ಕೊಡಬಹುದೆಂದರು.

ಹಳ್ಳಿಗಳು ಒಂದೇ ದನಿಯಲ್ಲಿ ಮಾತನಾಡಿದವೆಂದು ತಿಳಿಯಬಾರದು. ತಕ್ಕ ಬೆಲೆ ಸಿಕ್ಕರೆ ಕೊಡುವೆವೆಂದವರೂ ಇದ್ದರು. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿದವನಿಗೆ ಆ ಮಾತು ಅಪರಾಧವೇನಲ್ಲ. ಉದ್ಯೋಗ ಬೇಕೆನ್ನುವ ತರುಣರ ಹಂಬಲವೂ ಸುಳ್ಳಲ್ಲ. ಆದರೆ ಹಣ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಹಸುವಿಗೆ ಹುಲ್ಲು ಕೊಯ್ದು ಬದುಕಿದವರ ಹೆಸರು ಯಾವ ದಫ್ತರದಲ್ಲಿದೆ? ಚರ್ಚೆಯೆಲ್ಲ ಎಕರೆಯ ದರದ ಸುತ್ತ ತಿರುಗಿದಾಗ ಮೊದಲು ಮರೆಯಾಗುವವರು ಅವರೇ.

ಇನ್ನು, ಅಧಿಸೂಚನೆ ಹಿಂದೆ ಸರಿದ ಮಾತ್ರಕ್ಕೆ ನೆಲ ಉಳಿಯಿತೆನ್ನಲಾಗದು. ಕಾಯಿದೆಯಿಂದ ಹೋಗದ ಹೊಲ ಕ್ರಯಪತ್ರದಿಂದ ಹೋದೀತು. ರಾಗಿಗೆ, ತರಕಾರಿಗೆ, ಹಾಲಿಗೆ ಬದುಕು ನಡೆಸುವಷ್ಟು ಬೆಲೆ ದೊರೆತರಷ್ಟೇ ಒಕ್ಕಲುತನ ನಿಂತೀತು. ಆ ಬೆಲೆ ಕೊಡಬೇಕಾದವರು, ನಗರದಲ್ಲಿ ಕುಳಿತು ಸಂತೆಯಲ್ಲಿ ಚೌಕಾಸಿ ಮಾಡುವ ನಾವು. ಪರಿಷೆಯ ಕಾಯಿ ಬಿಡಿಸುವಾಗ ನನಗೆ ಸುಂಕೇನಹಳ್ಳಿಯ ಜೊತೆಗೆ ಈಗ ಚನ್ನರಾಯಪಟ್ಟಣವೂ ನೆನಪಾಗುತ್ತದೆ. ಮೊದಲನೆಯ ಊರಿನವರನ್ನು ಕೇಳುವ ಕಾಲ ಮುಗಿದಿದೆ. ಎರಡನೆಯ ಊರಿನವರು ಇನ್ನೂ ಮಾತನಾಡುತ್ತಿದ್ದಾರೆ.