ಉತಾರದೊಳಗಿನ ಅಕ್ಷರ

ಚಿಕ್ಕೋಡಿ, ರಾಯಬಾಗ, ಅಥಣಿ ತಹಶೀಲ್ದಾರ ಕಚೇರಿಗಳಲ್ಲಿ ಕಂಪ್ಯೂಟರ್ ರೈತರ ಬದುಕಿಗೆ ನೇರವಾಗಿ ತಟ್ಟಿದ್ದು ‘ಭೂಮಿ’ ಯೋಜನೆಯಿಂದ. ನಿಪ್ಪಾಣಿ ಆಗ ಚಿಕ್ಕೋಡಿ ತಾಲೂಕಿಗೆ ಸೇರಿತ್ತು, ಕಾಗವಾಡ ಅಥಣಿಗೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, ಅಂದರೆ ಉತಾರಗಳು, ಕಂಪ್ಯೂಟರಿಗೆ ಏರಿದವು. ತಲಾಠಿಯ ಕೈಬರಹ ಹೋಗಿ, 15 ರೂಪಾಯಿಗೆ ಅಚ್ಚಿನ ಉತಾರ ಕೈಗೆ ಬಂತು. ಪೆಟ್ಟಿಗೆ, ಪ್ರಿಂಟರ್ ಕೊಳ್ಳುವುದು ಹಣದ ಮಾತು. ಅವುಗಳಿಗೆ ಕನ್ನಡ ಕಲಿಸುವುದು ಬೇರೆಯದೇ ಕೆಲಸ. ಆ ಕಲಿಕೆಯ ಸೂತ್ರ ಎಲ್ಲರಿಗೂ ತೆರೆದುಕೊಳ್ಳುವ ತನಕ ಹೊಸ ಯಂತ್ರ ಪೂರ್ತಿ ನಮ್ಮದಾಗುವುದಿಲ್ಲ.

ಕೇಂದ್ರ ಸರ್ಕಾರದ ಗಣಕ ಸಂಸ್ಥೆ ಸಿ–ಡ್ಯಾಕ್‌ನ ‘ಜಿಸ್ಟ್’ ಕಾರ್ಡಿನ ಕಾಲದಲ್ಲಿ ಭಾರತೀಯ ಲಿಪಿ ಬೇಕೆಂದರೆ ಕಂಪ್ಯೂಟರಿನೊಳಗೆ ಪ್ರತ್ಯೇಕ ಫಲಕವನ್ನೇ ಕೂರಿಸಬೇಕಿತ್ತು. ಆಮೇಲೆ ಬಂದ ಬರಹ, ನುಡಿ ತಂತ್ರಾಂಶಗಳು ಆ ಕಷ್ಟ ತಪ್ಪಿಸಿದವು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಸಾವಿರಾರು ಗುಮಾಸ್ತರ ಬೆರಳಿಗೆ ಹತ್ತಿತು. ಆದರೆ ಆ ತಂತ್ರಾಂಶಗಳು ನಡೆಯುತ್ತಿದ್ದದ್ದು ವಿಂಡೋಸ್‌ನಲ್ಲಿ. ಅಕ್ಷರ ಕಾಣುತ್ತಿದ್ದದ್ದು ಆಯಾ ಫಾಂಟ್ ಇದ್ದರೆ ಮಾತ್ರ. ನುಡಿಯಲ್ಲಿ ಟೈಪಿಸಿದ ‘ಅಥಣಿ’ಯನ್ನು ಆ ಫಾಂಟ್ ಇಲ್ಲದ ಲಿನಕ್ಸ್ ಗಣಕದಲ್ಲಿ ತೆರೆದರೆ ಮೊದಲಿಗೇ ರೋಮನ್ ‘ಸಿ’ ಕಾಣುತ್ತದೆ. ‘ಕಾಗವಾಡ’ ರೋಮನ್ ‘ಪಿ’ಯಿಂದ ಶುರುವಾಗುತ್ತದೆ, ‘ನಿಪ್ಪಾಣಿ’ಯ ನಡುವೆ ಜಪಾನಿನ ಯೆನ್ ಚಿಹ್ನೆ ಬಂದು ಕೂರುತ್ತದೆ. ಕಡತದಲ್ಲಿ ಇದ್ದದ್ದು ಕನ್ನಡದ ವೇಷ ತೊಟ್ಟ ರೋಮನ್ ಸಂಕೇತಗಳು. ಕನ್ನಡ–ಮರಾಠಿ ಎರಡೂ ಓಡುವ ನಿಪ್ಪಾಣಿಯಂಥ ಊರಿಗೆ ಇದು ಇನ್ನೂ ದುಬಾರಿ: ಅದೇ ಸಂಕೇತ ಒಂದು ಫಾಂಟಿನಲ್ಲಿ ಕನ್ನಡದ ಅಕ್ಷರ, ಇನ್ನೊಂದರಲ್ಲಿ ದೇವನಾಗರಿಯದು.

ಆಗ ಎಲ್ಲರಿಗೂ ತೆರೆದ ಲಿನಕ್ಸ್ ನೆಚ್ಚಿಕೊಂಡಿದ್ದರೆ ಉತಾರವೇ ಸಿಗುತ್ತಿರಲಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಭೂಮಿಯ ಸಿಬ್ಬಂದಿ ಬೆರಳಚ್ಚು ಒತ್ತಿ ಒಳಹೋಗಬೇಕಿತ್ತು. ಅಂಥ ಹೊಸ ಉಪಕರಣಗಳ ಚಾಲಕ ತಂತ್ರಾಂಶವನ್ನು ತಯಾರಕರು ಮೊದಲು ವಿಂಡೋಸ್‌ಗೇ ಬರೆಯುತ್ತಿದ್ದರು. ರೈತನನ್ನು ಕಾಯಿಸದೆ ಇದ್ದದ್ದು ಸರಿಯಾದ ತೀರ್ಮಾನವೇ. ಪ್ರತಿ ಲಿಪಿಗೂ ಬೇರೆ ಸಂಕೇತ ಕೊಡುವ ಯುನಿಕೋಡ್ ಕನ್ನಡ ವಿಂಡೋಸ್ ಎಕ್ಸ್‌ಪಿಯಲ್ಲೂ ಇತ್ತಲ್ಲ ಎಂಬ ಇನ್ನೊಂದು ಆಕ್ಷೇಪವೂ ನಿಜ. ಆದರೆ ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಯುನಿಕೋಡ್ ಯಾರ ಮನೆಯ ಗುಟ್ಟೂ ಅಲ್ಲ. 1991ರಿಂದಲೇ ಪ್ರಕಟವಾದ ನಿಯಮ. ಅದರಲ್ಲಿ ಕನ್ನಡಕ್ಕೂ ದೇವನಾಗರಿಗೂ 128 ಸ್ಥಾನಗಳ ಬೇರೆ ಬೇರೆ ಮನೆಗಳಿವೆ. ನಿಯಮ ತೆರೆದಿದ್ದರಿಂದ ಲಿನಕ್ಸ್‌ನವರೂ ಅದನ್ನು ಹಿಡಿದರು, ರಾವ್ ಅವರ ವಿನ್ಯಾಸವಾದ ಕಗಪ ಕೀಲಿಮಣೆಯೂ ಅಲ್ಲಿ ಸೇರಿತು. 2012ರಲ್ಲಿ ರಾಜ್ಯ ಸರ್ಕಾರ ಯುನಿಕೋಡನ್ನು ಒಪ್ಪಿತು. ಅದೇ ವರ್ಷ ಲಿನಕ್ಸ್ ತಿರುಳಿನ ಮೇಲೆ ನಡೆಯುವ ಆಂಡ್ರಾಯ್ಡ್‌ನ 4.1ನೇ ಆವೃತ್ತಿಗೆ ಕನ್ನಡ ಬಂತು.

ಫಾಂಟಿಗೆ ಕಟ್ಟುಬಿದ್ದ ಹಳೆಯ ಕಡತಗಳು ಮಾತ್ರ ತಾವಾಗಿ ಬದಲಾಗುವುದಿಲ್ಲ. ಅವನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಪಂಚಾಯಿತಿ, ಸಹಕಾರಿ ಸಂಘ, ಶಾಲೆಗಳವರು ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುನ್ನ ಆ ಕೆಲಸ ಮುಗಿಸಿಕೊಳ್ಳಲಿ.