ಲೋಟ್ಲಿಯ ದಿನಚರಿ: ಮಾರಿಯೊ ಮಿರಾಂಡ ಗೆರೆಯಲ್ಲಿ ಬರೆದ ಚರಿತ್ರೆ

ಗಡಿನಾಡಿನ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಆಯೋಗಗಳು, ಮನವಿಪತ್ರಗಳು, ನಕಾಶೆಯ ಮೇಲಿನ ಗೆರೆಗಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಇಷ್ಟನ್ನು ನಮ್ಮ ಮನೆಯ ಮಕ್ಕಳೂ ಹೇಳಬಲ್ಲರು. ಆದರೆ ಆ 1956ರಲ್ಲಿ ಕುಂಬಳೆ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಹೇಗೆ ನಿಂತಿದ್ದರು, ಯಾರ ತಲೆಯ ಮೇಲೆ ಮುಟ್ಟಾಳೆ ಇತ್ತು, ಅಂಗಡಿಯ ಜಗಲಿಯಲ್ಲಿ ಯಾರು ಯಾರ ಪಕ್ಕ ಕುಳಿತಿದ್ದರು ಎಂದು ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ಗೋವೆಯಲ್ಲಿ ಇಂಥ ಪ್ರಶ್ನೆ ಕೇಳಿದರೆ ಉತ್ತರವನ್ನು ತೋರಿಸುತ್ತಾರೆ. ಅದು ಒಬ್ಬ ತರುಣನ ದಿನಚರಿಯಲ್ಲಿದೆ.

ಗೋವೆ ನಮಗೆ ಪರಕೀಯವಲ್ಲ. ಹದಿನಾರನೆಯ ಶತಮಾನದಿಂದೀಚೆಗೆ ಅಲ್ಲಿಂದ ಹೊರಟು ಕರಾವಳಿಯುದ್ದಕ್ಕೂ ಬಂದು ನೆಲಸಿದ ಗೌಡ ಸಾರಸ್ವತರೂ ಕೊಂಕಣಿ ಕ್ರೈಸ್ತರೂ ನಮ್ಮ ನೆರೆಕರೆಯವರು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿಯೇ ಆಗಿತ್ತು. ಆದ್ದರಿಂದ ಮಾರಿಯೊ ಮಿರಾಂಡರ ಚಿತ್ರಗಳಲ್ಲಿ ಕಾಣುವ ಮುಖಗಳು ನಮ್ಮ ಪೇಟೆಯ ಮುಖಗಳಂತೆ ತೋರಿದರೆ ಸೋಜಿಗವಿಲ್ಲ.

ಚಿತ್ರ ಮತ್ತು ಮಾತು ಜೊತೆಗೂಡಿ ದೀರ್ಘವಾದ ಕಥೆಯೊಂದನ್ನು ಹೇಳುವ ಪುಸ್ತಕವನ್ನು ಈಗ ಗ್ರಾಫಿಕ್ ಕಾದಂಬರಿ ಎನ್ನುತ್ತಾರೆ. ನಾನು ಚಿತ್ರಕಾದಂಬರಿ ಎನ್ನುತ್ತೇನೆ. ಫ್ರಾನ್ಸಿನಲ್ಲಿ ಚಿತ್ರಕಥೆಗೆ ಒಂಬತ್ತನೆಯ ಕಲೆ ಎಂಬ ಮರ್ಯಾದೆಯಿದೆ. ದೊಡ್ಡವರೂ ನಾಚಿಕೆಯಿಲ್ಲದೆ ಓದುತ್ತಾರೆ. ನಮ್ಮಲ್ಲಿ ಅದು ಬಹುಕಾಲ ಮಕ್ಕಳ ಓದಾಗಿಯೇ ಉಳಿಯಿತು. ಮಾರಿಯೊ ತಮ್ಮನ್ನು ವ್ಯಂಗ್ಯಚಿತ್ರಕಾರರೆಂದೇ ಲೋಕಕ್ಕೆ ಪರಿಚಯಿಸಿಕೊಂಡರು. ಆದರೆ ಅವರ ದಿನಚರಿಗಳನ್ನು ಪುಟದ ಮೇಲೆ ಪುಟವಾಗಿ ತಿರುವಿದವರಿಗೆ, ಆ ಹೆಸರು ಚಾಲ್ತಿಗೆ ಬರುವ ಎಷ್ಟೋ ಮೊದಲೇ ಅವರು ಆ ಕೆಲಸವನ್ನು ಮಾಡಿಬಿಟ್ಟಿದ್ದರೆಂದು ಅನಿಸದಿರದು.

1926ರ ಮೇ 2ರಂದು ಪೋರ್ಚುಗೀಸರ ಆಡಳಿತದಲ್ಲಿದ್ದ ದಮನ್‌ನಲ್ಲಿ ಅವರ ಜನನ. ಮನೆತನದ ಊರು ಮಡಗಾಂವಿಗೆ ಸಮೀಪದ ಲೌಟೋಲಿಂ. ಕೊಂಕಣಿಗರ ಬಾಯಲ್ಲಿ ಲೋಟ್ಲಿ. ಹಳೆಯ ದೊಡ್ಡ ಮನೆ. ಹುಡುಗ ಗೋಡೆಗಳ ಮೇಲೆಲ್ಲ ಗೀಚುವುದನ್ನು ಕಂಡ ತಾಯಿ ಗದರುವ ಬದಲು ಒಂದು ಖಾಲಿ ಪುಸ್ತಕ ತಂದುಕೊಟ್ಟರಂತೆ. ಎಲ್ಲ ತಾಯಂದಿರಿಗೂ ಈ ಬುದ್ಧಿ ಹೊಳೆಯುವುದಿಲ್ಲ. ಪಾದ್ರಿಗಳ ಚಿತ್ರ ಬರೆದು ಶಾಲೆಯಲ್ಲಿ ಪೇಚಿಗೆ ಸಿಕ್ಕಿದ್ದೂ ಉಂಟು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆಯಲ್ಲಿ ಓದಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಚರಿತ್ರೆಯನ್ನು ಅಭ್ಯಾಸ ಮಾಡಿ ಪದವಿ ಪಡೆದರು. ಚಿತ್ರಕಲೆಯನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಚರಿತ್ರೆಯ ವಿದ್ಯಾರ್ಥಿ ಎಂಬ ಈ ಸಂಗತಿಯನ್ನು ಅವರ ಬಗ್ಗೆ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಮಾತ್ರ ಅದು ಬೀಗದ ಕೈಯಂತೆ ಕಾಣುತ್ತದೆ.

1949, 1950, 1951, ಈ ಮೂರು ವರ್ಷಗಳ ಅವರ ದಿನಚರಿಗಳನ್ನು ವಾಸ್ತುಶಿಲ್ಪಿ ಜೆರಾರ್ಡ್ ಡಾ ಕುನ್ಹಾ ಅವರು ಒಂದೊಂದಾಗಿ ಪುಸ್ತಕರೂಪದಲ್ಲಿ ಹೊರತಂದಿದ್ದಾರೆ. ತಾರೀಕಿನ ಕೆಳಗೆ ಚಿತ್ರ, ಚಿತ್ರದ ಜೊತೆಗೆ ನಾಲ್ಕಾರು ಮಾತು. ಇಪ್ಪತ್ತರ ಹರೆಯದ, ಇನ್ನೂ ದುಡಿಮೆಗೆ ಹತ್ತದ ಹುಡುಗನ ಬರವಣಿಗೆ ಅದು. ಗೆಳೆಯರು, ಪಾದ್ರಿಗಳು, ಮದುವೆಯ ಕುಣಿತ, ಬಾಲ್ಕಾಂವಿನಲ್ಲಿ (ಅಲ್ಲಿನ ಮನೆಗಳ ಮುಂದಿನ ಕಲ್ಲು ಜಗಲಿ) ಕುಳಿತು ಹೋಗುವವರ ಬರುವವರ ವಿಚಾರ ಮಾತಾಡುವ ಹಿರಿಯರು. ಯಾವ ದಿನವೂ ಮಹತ್ವದ್ದಲ್ಲ. ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲ. ಅಚ್ಚಾಗುತ್ತದೆಂಬ ನಿರೀಕ್ಷೆಯೂ ಇದ್ದಂತಿಲ್ಲ. ಆದುದರಿಂದಲೇ ಅದಕ್ಕೆ ಸಾಕ್ಷಿಯ ಬೆಲೆ ಬಂದಿದೆ. ಪೋರ್ಚುಗೀಸರ ನಾಲ್ಕೂವರೆ ಶತಮಾನಗಳ ಆಳ್ವಿಕೆ ಮುಗಿಯಲು ಹತ್ತು ವರ್ಷಗಳಷ್ಟೇ ಉಳಿದಿದ್ದವು. ಅದು ಆ ತರುಣನಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ. ಈ ವ್ಯತ್ಯಾಸವೇ ಒಂದೊಂದು ಪುಟವನ್ನೂ ಭಾರವಾಗಿಸುತ್ತದೆ.

ಮುಂದಿನದನ್ನು ಬೇಗ ಹೇಳಬಹುದು. ಕೆಲಕಾಲ ಜಾಹೀರಾತಿನ ಕೆಲಸ, ಬಳಿಕ ಕರೆಂಟ್ ಪತ್ರಿಕೆ, ಅಲ್ಲಿಂದ ಟೈಮ್ಸ್ ಬಳಗ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅಲ್ಲಿಯೇ ಇದ್ದರು. ಲಕ್ಷ್ಮಣರ ಕಣ್ಣು ಮಂತ್ರಿಗಳ ಮೇಲೆ. ಮಾರಿಯೊ ಅವರ ಕಣ್ಣು ಕಚೇರಿಯ ಗುಮಾಸ್ತ, ಸಿನಿಮಾ ನಟಿ, ಪಾರ್ಟಿಗೆ ಬಂದ ಸಾಹುಕಾರ ಇವರ ಮೇಲೆ. ಮಿಸ್ ನಿಂಬುಪಾನಿ, ಮಿಸ್ ಫೊನ್ಸೇಕ, ಮಂತ್ರಿ ಬಂಡಲ್‌ದಾಸ್ ಮೊದಲಾದ ಪಾತ್ರಗಳು ಹೀಗೆ ಹುಟ್ಟಿದವು. ಗುಲ್ಬೆಂಕಿಯನ್ ಪ್ರತಿಷ್ಠಾನದ ವಿದ್ಯಾರ್ಥಿವೇತನದಿಂದ ಒಂದು ವರ್ಷ ಪೋರ್ಚುಗಲ್‌ನಲ್ಲಿದ್ದು, ಅಲ್ಲಿಂದ ಲಂಡನ್ನಿಗೆ ಹೋಗಿ ಐದು ವರ್ಷ ದುಡಿದರು. ಇಂಗ್ಲೆಂಡಿನ ರೊನಾಲ್ಡ್ ಸರ್ಲ್ ಅವರ ಗೆರೆಯ ಪ್ರಭಾವ ಇವರ ಮೇಲೆ ದಟ್ಟವಾಗಿದೆ. ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಗಿ, ಬರ್ಮಾ ರೈಲುಹಾದಿಯ ಕೂಲಿ ಶಿಬಿರದಲ್ಲೂ ಕದ್ದುಮುಚ್ಚಿ ಚಿತ್ರ ಬರೆದ ಸರ್ಲ್, 1961ರಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿಯೇ ನೆಲಸಿದವರು.

ಕನ್ನಡಿಗರಾದ ನಮಗೆ ಇನ್ನೊಂದು ಎಳೆಯೂ ಉಂಟು. ಗೋವಾ ಮೂಲದ ಕವಿ ಡಾಮ್ ಮೊರಾಯಿಸ್ 1976ರಲ್ಲಿ ಕರ್ನಾಟಕ ಸುತ್ತಿ ಇಂಗ್ಲಿಷಿನಲ್ಲಿ ಬರೆದ ಪ್ರವಾಸಗ್ರಂಥಕ್ಕೆ ಚಿತ್ರಗಳು ಮಾರಿಯೊ ಅವರವು. ಲೋಂಡಾದ ಬಳಿಯ ಜಗಲ್‌ಬೆಟ್‌ನ ಕಾಡಿನಂಚಿನಲ್ಲಿ, ಎಂದರೆ ನಮ್ಮದೇ ಉತ್ತರ ಕನ್ನಡದಲ್ಲಿ, ಬಾಳಿದ ಮನೋಹರ ಮಾಳಗಾಂವ್ಕರರ ಗೋವೆಯ ಪುಸ್ತಕಕ್ಕೂ ಅವರೇ ಚಿತ್ರ ಬರೆದರು.

ಈಗ ಆ ಚಿತ್ರಗಳ ಒಳಹೊಕ್ಕು ನೋಡೋಣ. ಪುಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಸ್ಸಿನೊಳಗೆ ಕೋಳಿಬುಟ್ಟಿ, ಛಾವಣಿಯ ಮೇಲೆ ಹಂದಿಮರಿ, ಕಿಟಕಿಗೆ ಜೋತುಬಿದ್ದ ಹುಡುಗ; ಕೆಳಗೊಂದು ನಾಯಿ, ಮೇಲೊಂದು ಕಾಗೆ. ಮುಖ್ಯ ವ್ಯಕ್ತಿಯೆಂಬವನೇ ಇಲ್ಲ. ಮೂಲೆಯಲ್ಲಿ ಮೀನು ತೂಗುವವಳಿಗೂ ನಡುವಿನ ಧಣಿಗೂ ಶಾಯಿ ಒಂದೇ ಅಳತೆ. 1961ರ ಡಿಸೆಂಬರ್ 19ರಂದು ಧ್ವಜ ಬದಲಾಯಿತು. 1967ರ ಜನವರಿ 16ರಂದು ಮಹಾರಾಷ್ಟ್ರದೊಡನೆ ವಿಲೀನವೋ ಪ್ರತ್ಯೇಕವೋ ಎಂದು ಜನರೇ ಮತ ಹಾಕಿ ಪ್ರತ್ಯೇಕವಾಗಿ ಉಳಿದರು. ನಮ್ಮನ್ನು ಹಾಗೆ ಯಾರೂ ಕೇಳಲಿಲ್ಲ. 1987ರಲ್ಲಿ ಕೊಂಕಣಿ ಆಡಳಿತ ಭಾಷೆಯಾಯಿತು, ಗೋವಾ ರಾಜ್ಯವಾಯಿತು. ಇಷ್ಟೆಲ್ಲ ಆದರೂ ನೆನಪಿನಲ್ಲಿ ಹಳೆಯ ಹಳ್ಳಿ ಅಳಿಯದೆ ಉಳಿದುದರಲ್ಲಿ ಮಾರಿಯೊ ಅವರ ಪಾಲು ದೊಡ್ಡದು. ಆಳ್ವಿಕೆ ಮುಗಿಯುತ್ತಿದ್ದ ಆ ದಿನಗಳ ಕಥೆಯನ್ನು ಶ್ಯಾಮ್ ಬೆನೆಗಲ್ 1985ರ ‘ತ್ರಿಕಾಲ್’ ಚಿತ್ರದಲ್ಲಿ ಹೇಳಿದಾಗ, ಚಿತ್ರೀಕರಣ ನಡೆದದ್ದು ಲೋಟ್ಲಿಯ ಅದೇ ಮನೆಯಲ್ಲಿ.

ಹೊಗಳಿದ್ದು ಸಾಕು. ಮಾರಿಯೊ ಅವರ ಗೋವೆ ಬಹುಮಟ್ಟಿಗೆ ಬಾಲ್ಕಾಂವಿನಿಂದ ಕಂಡ ಗೋವೆ. ಜಗಲಿಯ ಮೇಲೆ ಕುಳಿತವನಿಗೆ ದಾರಿಯಲ್ಲಿ ಹೋಗುವವರು ನಗು ತರಿಸುತ್ತಾರೆ. ದಾರಿಹೋಕನಿಗೆ ಜಗಲಿ ಹೇಗೆ ಕಾಣುತ್ತದೆಂಬುದು ಬೇರೆಯೇ ಕಥೆ. ಧಣಿಯ ಹಿತ್ತಿಲಲ್ಲಿ ಗುಡಿಸಲು ಕಟ್ಟಿಕೊಂಡು ಬಾಳಿದ ಮುಂಡ್ಕಾರರ ಸಂಕಟ ಆ ಶಾಯಿಗೆ ಅಷ್ಟಾಗಿ ಇಳಿದಿಲ್ಲ. ಗದಗ, ವಿಜಯಪುರಗಳ ಕಡೆಯಿಂದ ಹೋಗಿ ಗೋವೆಯ ಮನೆ ಕಟ್ಟಿದ, ರಸ್ತೆ ಹಾಕಿದ ಕನ್ನಡದ ಕೂಲಿಕಾರರೂ ಅಷ್ಟೇ. ಮಿಸ್ ನಿಂಬುಪಾನಿಯಂಥ ಹೆಣ್ಣು ಚಿತ್ರಗಳು ಇಂದಿನ ಹೆಣ್ಣುಮಕ್ಕಳಿಗೆ ನಗು ತರಿಸುತ್ತವೆಂದು ನನಗೆ ತೋರುವುದಿಲ್ಲ.

ಈ ಕೊರತೆಯನ್ನು ಇನ್ನೊಬ್ಬರು ಇನ್ನೊಂದು ದಾರಿಯಿಂದ ತುಂಬಿದರು. ನರ್ಮದೆಯ ಅಣೆಕಟ್ಟಿನಿಂದ ನೆಲೆ ತಪ್ಪುವವರ ಕಥೆಯನ್ನು 1994ರಲ್ಲೇ ಚಿತ್ರಗಳಲ್ಲಿ ಹೇಳಿ, ಭಾರತದ ಮೊದಲ ಚಿತ್ರಕಾದಂಬರಿಯೆಂದು ಹಲವರು ಎಣಿಸುವ ಕೃತಿಯನ್ನು ಕೊಟ್ಟ ಓರಿಜಿತ್ ಸೇನ್, ಗೋವೆಗೆ ಬಂದು ನೆಲಸಿದರು. ಗೋವಾ ವಿಶ್ವವಿದ್ಯಾನಿಲಯದಲ್ಲಿ ಮಾರಿಯೊ ಮಿರಾಂಡರ ಹೆಸರಿನಲ್ಲೇ ಇರುವ ಪೀಠದ ಸಂದರ್ಶಕ ಪ್ರಾಧ್ಯಾಪಕರಾಗಿ, ವಿದ್ಯಾರ್ಥಿಗಳನ್ನು ಮಾಪುಸಾ ಸಂತೆಗೆ ಕರೆದೊಯ್ದು ಅಂಗಡಿ ಅಂಗಡಿಯನ್ನೂ ಚಿತ್ರ, ಮಾತುಕತೆಗಳಲ್ಲಿ ದಾಖಲಿಸಿದರು. ಜಗಲಿಯಿಂದ ಕೆಳಗಿಳಿದು ಮಾಡಿದ ಕೆಲಸ ಇದು. ಗೋವೆಯ ಸಂತೆಗಳಿಗೆ ತರಕಾರಿ ಬೆಳಗಾವಿಯಿಂದ ಬರುವುದೆಂದ ಮೇಲೆ, ಆ ಕಥೆಯಲ್ಲಿ ನಮ್ಮವರಿಗೂ ಪಾಲಿದೆ.

ಮಲೆಯಾಳದ ಗೆಳೆಯರು ಇಲ್ಲಿ ಜಿ. ಅರವಿಂದನ್ ಅವರನ್ನು ನೆನಪಿಸದೆ ಬಿಡಲಾರರು. ಸಿನಿಮಾಕ್ಕೆ ಬರುವ ಮುಂಚೆ, 1961ರಿಂದ ಹಲವು ವರ್ಷ ಮಾತೃಭೂಮಿ ವಾರಪತ್ರಿಕೆಯಲ್ಲಿ ಅವರು ಬರೆದ ‘ಚೆರಿಯ ಮನುಷ್ಯರುಂ ವಲಿಯ ಲೋಕವುಂ’ ಒಬ್ಬ ಸಾಧಾರಣ ತರುಣ ಕಾಲದೊಂದಿಗೆ ಬದಲಾಗುತ್ತ ಹೋಗುವ ಚಿತ್ರಸರಣಿ. ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ ನಮ್ಮ ಹೋರಾಟದ ದಿನಗಳನ್ನು ಮಾತಿನಲ್ಲಿ ಹಿಡಿದಿಟ್ಟಿದೆ. ಎರಡು ಭಾಷೆಗಳ ನಡುವಿನ ಕಾಸರಗೋಡಿನ ಪೇಟೆ, ಶಾಲೆ, ಕೋರ್ಟಿನ ಜಗಲಿಗಳನ್ನು ದಿನದಿನವೂ ಗೆರೆಯಲ್ಲಿ ಹಿಡಿದ ಪುಸ್ತಕ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾರ ಮನೆಯ ಅಟ್ಟದ ಮೇಲಾದರೂ ಅಂಥದೊಂದು ಪುಸ್ತಕವಿದ್ದರೆ, ಗೆದ್ದಲು ಹಿಡಿಯುವ ಮೊದಲು ದಯವಿಟ್ಟು ಕೆಳಗಿಳಿಸಿ ನೋಡಿ.

ಮಾರಿಯೊ ಅವರಿಗೆ 1988ರಲ್ಲಿ ಪದ್ಮಶ್ರೀ, 2002ರಲ್ಲಿ ಪದ್ಮಭೂಷಣ, ನಿಧನಾನಂತರ 2012ರಲ್ಲಿ ಪದ್ಮವಿಭೂಷಣ ದೊರೆತವು. ಮುಂಬಯಿಯನ್ನು ಬಿಟ್ಟು ಲೋಟ್ಲಿಗೆ ಮರಳಿ, 2011ರ ಡಿಸೆಂಬರ್ 11ರಂದು ತಮ್ಮ ಮನೆಯಲ್ಲೇ ತೀರಿಕೊಂಡರು. ಅದೇ ತಿಂಗಳ 30ರಂದು ಫ್ರಾನ್ಸಿನಲ್ಲಿ ಸರ್ಲ್ ಅವರೂ ಕಣ್ಮುಚ್ಚಿದರು. ಊರಿನ ಇಗರ್ಜಿಯಲ್ಲಿ ಜನ ಅಂತಿಮ ದರ್ಶನ ಪಡೆದ ಮೇಲೆ, ಮಾರಿಯೊ ಅವರ ಇಚ್ಛೆಯಂತೆಯೇ ಮಡಗಾಂವಿನ ಹಿಂದೂ ಸ್ಮಶಾನದಲ್ಲಿ ದಹನ ನಡೆಯಿತು.